ಕುಬಸ

ನಮ್ಮ ಊರಾಗ ಎರಡಕ್ಕೂ ಒಂದೇ ಶಬ್ದ.
ಮೈಗೆ ತೊಡೂದೂ ಕುಬಸ,
ಏಳು ತಿಂಗಳ ಬಸುರಿಗೆ ಮಾಡೂದೂ ಕುಬಸ.
ಗುಳೇದಗುಡ್ಡದಾಗ ಹುಟ್ಟಿ, ಖಣ ನೇಯೋರ ಮನಿಯಾಗ ಬೆಳೆದಾಕಿಗೆ
ಎರಡೂ ಒಮ್ಮೆಲೆ ಸಡಿಲಾದ್ದು
ಮೂವತ್ತೊಂದನೇ ವರ್ಷದಾಗ.

ಎಡಗಡೆ ಈಗ ಹಳೇ ಸೀರಿ ತುಂಡು ಮಡಚಿ ಇಟಗೋತೀನಿ.
ಅಳತಿ ತಗೊಳ್ಳೂವಾಗ ಹುಸೇನಬಿ ಟೇಪು
ಅಲ್ಲಿ ಬಂದು ಚೂರು ನಿಂತಿತು, ಮತ್ತ ಮುಂದ ಹೋತು.
ಆಕಿ ಏನೂ ಕೇಳಲಿಲ್ಲ.
ಇರಲಿ, ನಾ ಹೇಳಬೇಕಂದದ್ದು ಅದಲ್ಲ.

ಇಪ್ಪತ್ತೆಂಟು ದಿನಕ್ಕೊಮ್ಮೆ ಬಾಗಲಕೋಟಿ ಬಸ್ಸು.
ಮೊದಲ ಈ ಲೆಕ್ಕ ಮೈ ಇಡತಿತ್ತು,
ಈಗ ದವಾಖಾನಿ ಕಾರ್ಡು ಇಡತೈತಿ.
ರಜಿಯಾ ಸಿಸ್ಟರ್ ಹೊಕ್ಕಳದ ಕೆಳಗ ಚರ್ಮ ಚಿವುಟಿ ಹಿಡಿದು
ದಪ್ಪ ಸೂಜಿಲೆ ಒಂದು ಕಾಳು ಬಿಡತಾಳ.
"ಎಷ್ಟು ದೊಡ್ಡದ್ರೀ ಅದು?"
"ಅಕ್ಕಿಕಾಳಿನಷ್ಟು."
ಮದಿವ್ಯಾಗ ಉಡಿಯೊಳಗ ಐದು ಹಿಡಿ ಅಕ್ಕಿ ಬಿದ್ದಿತ್ತು,
ಅರಿಷಿಣ ಕೊಂಬು, ಉತ್ತತ್ತಿ, ನಾನೇ ನೇಯ್ದ ಖಣ.
ಅದೆಲ್ಲಾ ಹೊರಗ ಉಳೀತು.
ಒಳಗ ಹೋದದ್ದು ಇದೊಂದು ಕಾಳು,
ಯಾವುದೂ ಮೊಳಕಿ ಒಡೀದಂಗ ಕಾವಲು ಕುಂತೈತಿ.

"ಅಂಡಾಶಯ ಮಲಗಿಸೇವಿ," ಅಂದ್ರು ಡಾಕ್ಟರು.
ಎಬ್ಬಿಸೂದು ಯಾವಾಗರೀ?
ಗುಳಿಗಿ ಐದು ವರ್ಷ, ಹತ್ತೂ ಆಗಬಹುದು. ನಡುವ ಬಿಡೂದಾದರ
ಆಗ ನೋಡೂಣು.
ತತ್ತಿ ತಗದು ಹಿಮದಾಗ ಇಡಬಹುದಿತ್ತಂತ, ಹುಬ್ಬಳ್ಳ್ಯಾಗ.
ಅದನ್ನ ಯಾರೋ ಹೇಳಿದ್ದು
ಕೀಮೋ ಮುಗದ ಮ್ಯಾಲ, ಬಸ್ ಸ್ಟ್ಯಾಂಡಿನಾಗ.

ಮುಟ್ಟು ನಿಂತ ಮೂರನೇ ತಿಂಗಳು
ಅತ್ತಿ ಮಗ್ಗದ ಕುಣಿ ಹತ್ರ ಬಂದು ದನಿ ಇಳಿಸಿ
"ಹುಳಿ ತಿನಬೇಕು ಅನಸತೈತೇನ?" ಅಂದ್ಲು.
ದವಾಖಾನಿದು ಎಲ್ಲಾ ಗೊತ್ತಿತ್ತು ಆಕಿಗೆ,
ಲೆಕ್ಕ ಮಾತ್ರ ಹಳೇದು.
ನಾ ಇಲ್ಲ ಅನ್ನೂದರಾಗ
ಲಾಳಿ ಎರಡು ಸಲ ಹೋಗಿ ಬಂತು.

ರಾತ್ರಿ ಕಾವು ಏಳತೈತಿ.
ಬೆನ್ನಿಂದ ಕುತ್ತಿಗಿ, ಕುತ್ತಿಗಿಂದ ಕಿವಿ.
ಊರ ಬ್ಯಾಸಗಿ ಎಲ್ಲಾರಿಗೂ ಬರತೈತಿ, ಹೋಕೈತಿ.
ಇದು ನನಗಷ್ಟ ಬರೂ ಬ್ಯಾಸಗಿ, ಕಾರ್ತೀಕದಾಗೂ.
ತವರಿಗೆ ಹೋದಾಗ ಅವ್ವನೂ ಎದ್ದು ಕುಂತಿರತಾಳ,
ಐವತ್ತರಾಕಿ, ಸೆರಗಿಲೆ ಗಾಳಿ ಬೀಸಿಕೋತ.
ಇಬ್ಬರೂ ಒಂದೇ ತಂಬಿಗಿ ನೀರು ಕುಡೀತೀವಿ.
ನನಗ ಇದು ಬಂದ ವಯಸ್ಸಿಗೆ ಆಕಿ
ನನ್ನ ಕಿರೀ ತಮ್ಮನ್ನ ಹಡದಿದ್ಲು.
ಇದನ್ನ ಇಬ್ಬರೂ ಬಾಯಿಬಿಟ್ಟು ಆಡಿಲ್ಲ.

ಸಂಗನಬಸು ಕೈ ಚಾಚತಾನ, ಅರ್ಧಕ್ಕ ತಗೋತಾನ.
ಎಳಿ ಒಣಗಿದರ ಹರೀತೈತಿ ಅಂತ
ನೇಕಾರಗ ಕಲಿಸಬೇಕಿಲ್ಲ.
ಎಳಿಗಾದರ ಗಂಜಿ ಹಚ್ಚತೀವಿ.
ನಮಗ ಏನು ಹಚ್ಚಬೇಕು ಅಂತ ಡಾಕ್ಟರ್ನ ಕೇಳಾಕ
ನನಗ ಒಂದು ವರ್ಷ ಬೇಕಾತು. ಅವರು
ಒಂದು ನಿಮಿಷದಾಗ ಟ್ಯೂಬು ಬರದು ಕೊಟ್ರು.

ಮೊನ್ನೆ ಓಣ್ಯಾಗ ನೀಲಗಂಗಾನ ಕುಬಸ.
ಹಸಿರು ಖಣ ನಮ್ಮ ಮಗ್ಗದ್ದೇ, ಸೂಜಿಮಲ್ಲಿಗಿ ಹೂ.
ತ್ರಿಕೋನ ಮಡಚಿ ಕೊಟ್ಟು ಕಳಿಸಿದೆ,
ಕರೀತಾರೋ ಇಲ್ಲೋ ಅಂತ ಬಾಗಿಲು ಅರ್ಧ ತಗದಿಟ್ಟು.
ಆಕಿನ ಬಂದ್ಲು, ಹೊಟ್ಟಿ ಹೊತಗೊಂಡು, ಏದುಸಿರು ಬಿಡಕೋತ:
"ಉಡಿ ನೀ ತುಂಬಬೇಕ ಅಕ್ಕಾ."
ಅಕ್ಕಿ ಹಿಡಿಯಾಗ ತಗೊಂಡಾಗ ಒಂದು ಕಾಳು
ಬೆರಳಿಗೆ ಅಂಟಿ ಉಳೀತು.

ಆ ಹಾಸಿನಾಗ ಒಂದು ಖಣ ಹೆಚ್ಚಿಗೆ ನೇಯ್ದೀನಿ.
ಯಾರಿಗಂತ ಸಂಗನಬಸು ಕೇಳಿಲ್ಲ.
ಗುರುವಾರ ಬಸ್ಸು, ಏಳೂವರಿಗೆ.