ಫ್ಯಾಟ್ ಮಷೀನಿನ ಪುಸ್ತಕ

ಸಂತಪುರದ ಡೇರಿಗೆ ಹೊಸ ಫ್ಯಾಟ್ ಮಷೀನು ಬಂದದ.
ಜೊತೆಗೊಂದು ಸಣ್ಣ ಪುಸ್ತಕ, ಆರು ಭಾಷೆ,
ಆರರಾಗ ಒಂದೂ ನಮ್ಮದಲ್ಲ.
ಮುಂಜಾನಿ ಐದಕ್ಕ, ಕ್ಯಾನುಗಳು ಬರೋಕಿಂತ ಮೊದಲ,
ಕರೆಂಟಿಲ್ಲದ ಹೊತ್ತಿನಾಗ, ಬ್ಯಾಟರಿ ಹಿಡಿದು
ಅಕ್ಷರ ಕೂಡಿಸಿ ಓದಿದೆ:
ಮಿಲ್ಕ್. ಮಿಲ್ಚ್. ಮೆಲ್ಕ್. ಮ್ಯೋಲ್ಕ್.
ಒಬ್ಬಾಕಿನೇ ಹಡೆದ ಹೆಣ್ಣುಮಕ್ಕಳಂಗ
ಮೂಗು ಅದೇ, ನಗೋದು ಬ್ಯಾರೆ.

ಅರ್ಧ ಲೀಟರಿಗೆ ಬಂದಿದ್ದ ವಾಮನರಾವ ಮಾಸ್ತರು
ಕನ್ನಡಕ ಏರಿಸಿ ಅಂದರು:
"ಅವರ ಹಳೇ ಮಂದಿ ದನದ ಮಗ್ಗಲು ಕುಂತು
ಕೆಚ್ಚಲು ಸವರೋದಕ್ಕ ಒಂದು ಮಾತಿತ್ತಂತ.
ಸವರಿದ್ದು ಮರೆತು, ಸುರಿದದ್ದಕ್ಕ ಆ ಹೆಸರು ನಿಂತಿತು."
ಅಂದ್ರ ಕೆಲಸ ಮೊದಲು, ಹಾಲು ಆಮ್ಯಾಲ.
ಇದು ನನಗ ಪಟ್ಟನೆ ತಿಳೀತು.
ಮೂವತ್ತು ವರ್ಷ ಹಿಂಡಿದ ಹೆಬ್ಬೆರಳು
ತಾನೇ ಒಮ್ಮೆ ಮಡಚಿಕೊಂಡಿತು.

"ಮತ್ತ ನಮ್ಮದು?"
"ನಮ್ಮದಕ್ಕ ಮೊದಲು ಪ ಇತ್ತು ಬೇ. ಪಾಲ್.
ಸಾವಿರ ವರ್ಷ ಬಾಯಿಂದ ಬಾಯಿಗೆ ಹೋಗಿ
ತುಟಿ ಸಡಿಲಾತು, ಬರೀ ಉಸಿರು ಉಳೀತು. ಹಾಲು."

ಅಷ್ಟೊತ್ತಿಗೆ ನಾರಾಯಣಖೇಡದಿಂದ ಸೊಸಿಯಾಗಿ ಬಂದ ನರ್ಸವ್ವ,
"ಪಾಲು ತೆಚ್ಚಿನ ಅಕ್ಕಾ" ಅಂತ ಕೊಡ ಇಳಿಸಿದಳು.
ಆಕಿ ತುಟಿ ಇನ್ನೂ ಬಿಗಿ ಅದ.
ಹಿಂದ ಖೈರುನ್ನಿಸಾ, ದೂಧ್ ಚೆಲ್ಲೀತು ಸರಿ ಅಂತ ಗದರತಾಳ.

ನಾನು ಆ ಪಾಲು ಕೇಳಿ ಪೆನ್ನು ಕೆಳಗಿಟ್ಟೆ.
ನಮ್ಮ ಮನ್ಯಾಗ ಪಾಲು ಅಂದ್ರ ತಮ್ಮ ಧೂಳಪ್ಪ,
ತಹಶೀಲ್ ಕಚೇರಿ ಬೆಂಚು, ಬಾವಿ ಅರ್ಧ, ಬೇವಿನ ಗಿಡ ಅರ್ಧ,
ಅವ್ವ ಸಾಕಿದ ಕರಿ ಎಮ್ಮಿ ಯಾರಿಗಂತ
ಎಂಟು ತಿಂಗಳು.
ಹಾಲಿನ ಪ ಸವೆದು ಮೆತ್ತಗಾತು,
ಇದರ ಪ ಯಾಕ ಸವೀಲಿಲ್ಲ ಮಾಸ್ತರ?

ಅವರು ಗಿಂಡಿ ಮುಚ್ಚಿ
ಚಿಲ್ಲರೆ ಎಣಿಸಲಿಕ್ಕೆ ಹತ್ತಿದರು.

ಆರೂವರೆಗೆ ಧೂಳಪ್ಪ ಕಳಿಸಿದ ಹುಡುಗ
ಸಾಲಿನ ಕಡೀಗೆ ಕ್ಯಾನು ಇಟ್ಟ.
ನನ್ನ ಮಾರಿ ನೋಡಲಿಲ್ಲ.
ಮಷೀನು ಕೀಂಗುಟ್ಟಿ ತೋರಿಸಿತು: ಆರು ಪಾಯಿಂಟ್ ಎಂಟು.
ಕರಿ ಎಮ್ಮೀದೇ. ಅದಕ್ಕ ಮಷೀನು ಬೇಕಿಲ್ಲ,
ನೊರಿ ನೋಡಿದ್ರ ಸಾಕು.

ಬರೆದೆ:
ಧೂಳಪ್ಪ. ಹಾಲು. ಮೂರೂವರೆ ಲೀಟರ್.