ಡಿಕ್ಕಿಯ ಮೇಲೆ ರೆಕ್ಕೆ

ನಯೊರೊದಲ್ಲಿ ಡಿಸೆಂಬರ್ ಮೊದಲ ವಾರಕ್ಕೇ ಹಿಮ ಮೊಣಕಾಲುದ್ದ.
ಹಳೇ ಕಾರಿನಂಗಡಿಗೆ ನಾವು ಒಯ್ದದ್ದು
ಅಳತೆಪಟ್ಟಿ, ಮಗುವಿನ ತಳ್ಳುಗಾಡಿ,
ಸೀಮೆಎಣ್ಣೆಯ ಎರಡು ಖಾಲಿ ಡಬ್ಬ.

ಕುನಿಹಿಕೊ ನೋಡಿದ್ದು ಅದೊಂದನ್ನೇ:
ನೀಲಿ ಸೆಡಾನು, ನಾಲ್ಕೂ ಗಾಲಿಗೆ ಎಳೆತ,
ಬಾನೆಟ್ಟಿನ ಮೇಲೊಂದು ಮೂಗಿನ ಹೊಳ್ಳೆ,
ಡಿಕ್ಕಿಯ ಮೇಲೆ ರೆಕ್ಕೆ.
“ಹಾರುವುದೆಲ್ಲಿಗೆ?” ಅಂದೆ.
“ಹಾರದಿರಲಿಕ್ಕೇ ಅದು,” ಅಂದ, ಕಣ್ಣು ಕೀಳದೆ.

ತಳ್ಳುಗಾಡಿ ಹಿಡಿಯಿತು, ಒಂದು ಚಕ್ರ ಬಿಚ್ಚಿದರೆ.
ಡಬ್ಬಗಳೂ ಹಿಡಿದವು, ತಳ್ಳುಗಾಡಿ ಇಲ್ಲದಿದ್ದರೆ.
ಹಿಂದಿನ ಸೀಟಿನಲ್ಲಿ ಅತ್ತೆ ಕೂತು
ಮಂಡಿ ತಟ್ಟಿ ನೋಡಿಕೊಂಡರು, ಏನೂ ಅನ್ನಲಿಲ್ಲ.
ಬೇಡವೆನ್ನಲು ನನ್ನ ಬಳಿ ಏಳು ಕಾರಣ.
ಐದನೆಯದಕ್ಕೆ ಬಂದಾಗ
ಅಂಗಡಿಯವನು ಕೀಲಿ ನನ್ನ ಕೈಗಿಟ್ಟ.

ದಿಬ್ಬದ ತಿರುವಿನಲ್ಲಿ ಗಾಜಿನಂಥ ಮಂಜುಗಡ್ಡೆ.
ಹೋದ ಚಳಿಗಾಲ ನಮ್ಮ ಪುಟ್ಟ ಬಿಳಿ ಕಾರು
ಇಲ್ಲೇ ಬುಗುರಿಯಾಗಿತ್ತು;
ಚಿಜುರು ಆಗ ನನ್ನ ಹೊಟ್ಟೆಯಲ್ಲಿ.
ಕಾಲೊತ್ತಿದೆ.
ನಾಲ್ಕು ಗಾಲಿ ನಾಲ್ಕು ಹಲ್ಲಾಗಿ
ನೆಲ ಕಚ್ಚಿ ಹಿಡಿದವು.
ಇನ್ನಷ್ಟು ಒತ್ತಿದೆ. ಅಷ್ಟು ಬೇಕಿರಲಿಲ್ಲ.
ಹಿಂದಿನಿಂದ ಅತ್ತೆ: “ಮತ್ತೊಮ್ಮೆ.”

ಈಗ ರೆಕ್ಕೆಯ ಮೇಲೆ ಯಾರೋ ಮರೆತ ಕೈಗವಸು
ಸೆಟೆದು ಕೂತಿದೆ.
ಹೊಳ್ಳೆಯ ಬಿಸಿಗೆ ಪಕ್ಕದ ಮನೆಯ ಬೆಕ್ಕು.
ಭಾನುವಾರ ಒರೆಸುವುದು, ಮುದ್ದಿಸುವುದು ಕುನಿಹಿಕೊ.
ಓಡಿಸುವುದು ಯಾರೆಂದು ಕೇಳಬೇಡಿ.
ಏನು ಮಾಡಲಿ, ಮಗುವಿಗೆ ನಿದ್ದೆ ಹತ್ತುವುದು
ಎಂಜಿನ್ನು ಮೂರು ಸಾವಿರ ಸುತ್ತು ದಾಟಿದ ಮೇಲೆಯೇ.