ಐದು ಗಂಟೆಗೆ ಬಂದವನು

ಫಾಹಾಹೀಲಿನ ಪೈಪು ಯಾರ್ಡಿನಲ್ಲಿ ಹನ್ನೊಂದು ವರ್ಷ
ಹಾಜರಿ ಬರೆದವನು ನಾನು, ಸಿಲ್ವಾನ ಕರ್ಕಡ.
ಹತ್ತು ನಿಮಿಷ ತಡವಾದರೆ ಅರ್ಧ ಗಂಟೆಗೆ ಕತ್ತರಿ,
ಬಸ್ಸು ಕೆಟ್ಟಿತೆಂದರೂ, ಮೂಗಲ್ಲಿ ರಕ್ತ ಬಂತೆಂದರೂ.

ದ್ರಾಕ್ಷಿತೋಟದ ಸಾಮ್ಯ ಓದಿದಾಗಲೆಲ್ಲ
ಮೊದಲು ಬಂದವರ ಪಕ್ಷವೇ ನನ್ನದು.
ಬೆಳಗಿನಿಂದ ಬೆಂದವನಿಗೂ ಒಂದೇ ದಿನಾರು,
ಹೊತ್ತು ಮುಳುಗುವಾಗ ಬಂದವನಿಗೂ ಒಂದೇ?
ಎಂಥ ಲೆಕ್ಕ ಸ್ವಾಮಿ ಇದು!
ಸತ್ಯವೇದದ ಅಂಚಿನಲ್ಲಿ ಪೆನ್ಸಿಲಿನಿಂದ
ಬರೆದೂ ಇಟ್ಟಿದ್ದೆ: ತಪ್ಪು.

ಮೊನ್ನೆ, ಆಗಸ್ಟಿನ ಆ ಬಿಸಿಲಲ್ಲಿ
ಗೇಟಿನಾಚೆ ಒಬ್ಬ ಹುಡುಗ
ಟ್ಯಾಂಕರಿನ ನೆರಳು ಸರಿದಂತೆ ತಾನೂ ಸರಿಯುತ್ತ ನಿಂತಿದ್ದ.
ಐದಕ್ಕೆ ಫೋರ್‌ಮನ್ ಕೈಬೀಸಿದ. ಓಡಿ ಬಂದ,
ಒಂದು ಚಪ್ಪಲಿ ಅಲ್ಲೇ ಬಿಟ್ಟು.
"ದಿನವಿಡೀ ಏನು ಮಾಡುತ್ತಿದ್ದೆ?"
ಪೆನ್ನು ಹಿಡಿದೇ ಕೇಳಿದೆ.
"ಯಾರೂ ಕರೀಲಿಲ್ಲ ಸಾರ್."

ಗೊತ್ತಿತ್ತು ನನಗೆ ಆ ಮಾತು.
ನೂರು ಸಲ ದಾಟಿ ಹೋಗಿದ್ದೆ ಅದನ್ನು,
ಕಣ್ಣು ದಿನಾರಿನ ಮೇಲಿತ್ತು.

ರಾತ್ರಿ ರೂಮಿನಲ್ಲಿ ರಬ್ಬರು ಹುಡುಕಿದೆ, ಸಿಗಲಿಲ್ಲ.
ಬೆರಳು ಒದ್ದೆ ಮಾಡಿ ಉಜ್ಜಿದೆ ನನ್ನ 'ತಪ್ಪ'ನ್ನು.
ತೆಳು ಕಾಗದ, ತೂತು ಬಿತ್ತು.
ತೂತಿನೊಳಗಿಂದ ಮುಂದಿನ ಹಾಳೆಯದೊಂದು ಪದ
ಇಣುಕುತ್ತಿತ್ತು:
ಕುರುಡರು.